ಬಾರದ ನೀರು

ವಾರಕ್ಕೆ ಐದು ದಿನ ಶಾಲೆಯ ಬಸ್ಸು ಓಡಿಸುತ್ತೇನೆ,
ಯೂಟಾದ ಈ ಕೆಂಪು ಮೂಲೆಯಲ್ಲಿ.
ಶನಿವಾರ ಮಾತ್ರ ಹಗ್ಗ.

ಪಿಕಪ್ಪಿನ ಹಿಂಬದಿಯಲ್ಲಿ ಮೊಣಕಾಲು ತಗುಲಿಸಿ ಕೂರುತ್ತಾರೆ
ಬೆಲೆಚೀಟಿಯೂ ಕೀಳದ ಹೆಲ್ಮೆಟ್ಟಿನವರು,
ಫೋನು ತೆರೆದು ಒಂದು ಚಿತ್ರ ತೋರಿಸುತ್ತಾರೆ:
ಎರಡು ಗೋಡೆಗಳ ನಡುವೆ ಒಂದೇ ಗೆರೆ ಬೆಳಕು.
‘ಇಲ್ಲಿಗೇ ಹೋಗೋಣ, ವರ್ಲಾ.’

ಅಲ್ಲಿಗಲ್ಲ.
ಚಿತ್ರ ತೆಗೆದವನು ಎದೆಮಟ್ಟದ ನೀರಲ್ಲಿ ನಡುಗುತ್ತಿದ್ದ,
ಆ ನಡುಕ ಚಿತ್ರದಲ್ಲಿ ಬಂದಿಲ್ಲ.
ಮೊದಲ ಸಲಕ್ಕೆ ಚೆಲುವು ಕಡಿಮೆಯಿರುವ ಕೊರಕಲೇ ಸಾಕು.
ಕುಂಟುಗತ್ತೆ ಅನ್ನುತ್ತೇವೆ ನಾವು ಅದಕ್ಕೆ.
ಮೂರೇ ಇಳಿತ, ಉದ್ದದ್ದೆಂದರೆ ನಲವತ್ತಡಿ,
ನೀರು ನಿಂತರೂ ಪಾದ ಮುಳುಗುವಷ್ಟು,
ನಡುವೆ ಎರಡು ಕಡೆ, ಎಡಕ್ಕೆ, ಹೊರಬೀಳುವ ದಾರಿ.
ತಪ್ಪಿಸಿಕೊಂಡ ಕರುಗಳನ್ನು ಹುಡುಕಿ ನನ್ನಜ್ಜ ಇಳಿಯುತ್ತಿದ್ದ ಜಾಗ;
ಕರು ಹತ್ತಿ ಬಂದ ಕಡೆ ನೀವೂ ಹತ್ತಿ ಬರಬಹುದು.

ಜೂನಿಪರಿನ ಬುಡಕ್ಕೆ ಯಾರೋ ಸುತ್ತಿದ ಪಟ್ಟಿ
ಬಿಸಿಲಿಗೆ ಬಿಳಿಚಿಕೊಂಡಿದೆ.
ಕಟ್ಟಿದವರು ಒಳ್ಳೆಯವರೇ ಇರಬೇಕು.
ಒಳ್ಳೆಯವರ ಗಂಟೂ ಬಿಸಿಲಲ್ಲಿ ಸವೆಯುತ್ತದೆ.
ಕತ್ತರಿಸಿ ಹೊಸದು ಬಿಗಿಯುತ್ತೇನೆ,
ಮರವನ್ನೂ ಒಮ್ಮೆ ಒದ್ದು ನೋಡುತ್ತೇನೆ, ಕ್ಷಮಿಸು ಅನ್ನುತ್ತೇನೆ.

ಥೇನ್, ನನ್ನ ತಂಗಿಯ ಮಗ, ಹೇಳಿಕೊಡುತ್ತಾನೆ:
ಕೂದಲು ಕಟ್ಟಿ, ಅಂಗಿ ಒಳಗೆ ಸಿಕ್ಕಿಸಿ,
ಮನೆ ಹೊತ್ತಿ ಉರಿದರೂ ಕೆಳಗಿನ ಕೈ ಬಿಡಬೇಡಿ.
ಎಲ್ಲರೂ ನಗುತ್ತಾರೆ.
ಅಂಚಿಗೆ ಬೆನ್ನು ಕೊಟ್ಟು ನಿಂತಾಗ
ಯಾರೂ ನಗುವುದಿಲ್ಲ.

ನನ್ನದು ಒಂದೇ ಮಾತು. ಹಗ್ಗ ಎಳೆದುಕೊಳ್ಳುವ ಸದ್ದು ಕೇಳಿ,
ಮೇಲಿನ ಉಂಗುರದಿಂದ ಸರ್ರನೆ ಜಾರಿ
ಮರಳಿಗೆ ಥಪ್ಪೆಂದು ಬೀಳುವುದು.
ಬಂದ ದಾರಿ ಅಲ್ಲಿಗೆ ಮುಗಿಯಿತು.
ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದವರು
ಇಲ್ಲಿ ಇಳಿದವರಲ್ಲ.
ಇಲ್ಲಿ ಇಳಿಯುವ ಮೊದಲೇ ಕೇಳಬೇಕು ಮಳೆಯೇನು,
ಎಲ್ಲಿಯ ಮಳೆ, ಯಾರ ಊರಿನ ಮಳೆ.

ಕಳೆದ ಆಗಸ್ಟು, ಬೆಳಿಗ್ಗೆ ಏಳು ಗಂಟೆ.
ತಲೆಯ ಮೇಲೆ ತೊಳೆದಿಟ್ಟ ತಟ್ಟೆಯಂಥ ಆಕಾಶ.
ಬಡಗಣದಲ್ಲಿ, ಮೂವತ್ತು ಮೈಲಿಯಾಚೆ,
ಪ್ರಸ್ಥಭೂಮಿಯ ನೆತ್ತಿಗೆ ಒಂದು ಮೋಡ.
ಕೈ ಚಾಚಿ ಹೆಬ್ಬೆರಳು ಹಿಡಿದೆ: ಮುಚ್ಚಿಹೋಯಿತು.
ಹತ್ತು ನಿಮಿಷ ಬಿಟ್ಟು ಹಿಡಿದೆ.
ಬೆರಳು ಸಾಲಲಿಲ್ಲ.

‘ಹಗ್ಗ ಸುತ್ತಿ.’

ಓಹಾಯೋದ ಹಲ್ಲಿನ ಡಾಕ್ಟರಿಗೆ ಕೆಂಡದಂಥ ಕೋಪ.
ಎರಡು ದಿನ ಗಾಡಿ ಓಡಿಸಿ ಬಂದಿದ್ದಾನೆ,
ಹೆಂಡತಿಯ ಐವತ್ತನೆಯ ಹುಟ್ಟುಹಬ್ಬ,
‘ಬಿಸಿಲು ಹೊಡೆಯುತ್ತಿದೆಯಲ್ಲ, ಕಣ್ಣು ಕಾಣಿಸುವುದಿಲ್ಲವೇ?’
ಹೆಂಡತಿ ಮಾತಾಡಲಿಲ್ಲ. ಸೊಂಟದ ಪಟ್ಟಿಯ ಕೊಕ್ಕೆಗಳನ್ನು
ಒಂದೊಂದೇ ಬಿಚ್ಚಿದಳು, ನಿಧಾನವಾಗಿ,
ನನಗೇಕೋ ಹಗುರಾದಳು ಅನ್ನಿಸಿತು.
ಹಣ ಎಣಿಸಿ ವಾಪಸು ಕೊಟ್ಟೆ.

ಸಂಜೆ ಒಬ್ಬಳೇ ಕೊರಕಲಿನ ಬಾಯಿಗೆ ಹೋದೆ.
ಒಣ ಮರಳು.
ಹಲ್ಲಿ ಹರಿದ ಗೀರು,
ಹೋದ ವಾರದ ನಮ್ಮ ಹೆಜ್ಜೆಗಳು ಇದ್ದಲ್ಲೇ ಇವೆ,
ಥೇನನ ಬೂಟಿನ ಸವೆದ ಹಿಮ್ಮಡಿ ಕೂಡ.
ನೀರು ಬಂದಿರಲಿಲ್ಲ.
ನಿಜ ಹೇಳಲೇ? ಬಂದಿದ್ದರೆ ಚೆನ್ನಾಗಿತ್ತು ಎಂದುಕೊಂಡೆ ಒಂದು ಗಳಿಗೆ,
ಆಮೇಲೆ ಗಾಡಿಯಲ್ಲಿ ಕೂತು ನಾಚಿದೆ.

ಡೆಲೋರಾಳ ಹೋಟೆಲಿನಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕ,
ಬೆಳಗಿನ ನನ್ನ ಚೀಟಿ ಇನ್ನೂ ಇತ್ತು:
ಕುಂಟುಗತ್ತೆ, ಆರು ಜನ,
ಐದಕ್ಕೆ ಬಾರದಿದ್ದರೆ ಷೆರೀಫರಿಗೆ ಫೋನು.
ಗಡಿಯಾರ ನೋಡಿ ಅವಳದನ್ನು ಮೊಳೆಗೆ ಚುಚ್ಚಿದಳು.
ಹದಿನಾಲ್ಕು ವರ್ಷದ ಚೀಟಿಗಳು,
ಯಾರೂ ಫೋನು ಮಾಡದ ಶನಿವಾರಗಳು,
ಮೊಳೆ ತುದಿಯವರೆಗೆ ತುಂಬಿದೆ.

‘ಇನ್ನೊಂದು ಮೊಳೆ ಹೊಡೆಯಬೇಕು,’ ಅಂದಳು ಡೆಲೋರಾ.
‘ಆ ಹೆಂಗಸು ಎರಡು ತುಂಡು ಪೀಚ್ ಪೈ ತಿಂದಳು.
ನಿನ್ನ ಲೆಕ್ಕಕ್ಕೆ ಬರೆದಿದ್ದೇನೆ.’